ಅಮ್ಮನಿಗೆ ಓದದೆ ಬಿಟ್ಟ ಸಾಲು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲನೆಯವಳು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರಾಜಾನುಕುಂಟೆಯಿಂದ ಯಲಹಂಕದ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಹೋಗಿ ಓದಿದವಳು. ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿ ಓದಿಸಿದ್ದು ಅಮ್ಮ. ಅಕ್ಷರದ ಮೇಲಿನ ಪ್ರೀತಿಗೆ ಓದಿಸಿದಳು ಎಂದು ಸಭೆಗಳಲ್ಲಿ ಹೇಳಿದ್ದೇನೆ. ಅದು ಸುಳ್ಳು. ಅಪ್ಪ ಮೋಸ ಮಾಡಿದ್ದಕ್ಕೆ ಓದಿಸಿದಳು.

ಅಪ್ಪ ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದ. ಕುಡಿದು ಬಂದ ದಿನ ಹೊಡೆಯುತ್ತಿದ್ದ, ಕುಡಿಯದೆ ಬಂದ ದಿನವೂ ಹೊಡೆಯುತ್ತಿದ್ದ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅಮ್ಮನನ್ನು ಯಾವುದೋ ಆಫೀಸಿಗೆ ಕರೆದುಕೊಂಡು ಹೋಗಿ, ರೇಷನ್ ಕಾರ್ಡಿಗೆ ಎಂದು ಹೆಬ್ಬೆಟ್ಟು ಒತ್ತಿಸಿದ. ಚಿಕ್ಕಜಾಲದಲ್ಲಿ ಅಜ್ಜಿ ಅವಳ ಹೆಸರಿಗೆ ಬಿಟ್ಟಿದ್ದ ಹೆಂಚಿನ ಮನೆ ಅವತ್ತು ಕೈಬಿಟ್ಟು ಹೋಯಿತು. ಅದು ಅವಳಿಗೆ ತಿಳಿದದ್ದು ವರ್ಷದ ಮೇಲೆ.

ಅಲ್ಲಿಂದ ನಮ್ಮ ಮನೆಗೆ ಒಂದು ಕಾನೂನು ಬಂತು. ಯಾವ ಕಾಗದ ಬಂದರೂ ಅಮ್ಮ ಗೋಡೆಗೆ ಒರಗಿ ಕೂರುತ್ತಾಳೆ, ನಾನು ಒಂದಕ್ಷರ ಬಿಡದೆ ಓದಬೇಕು. ಕರೆಂಟ್ ಬಿಲ್ಲು, ಮಾತ್ರೆ ಚೀಟಿ, ಎಲ್ಲ. ಮದುವೆ ಕಾಗದವಾದರೆ ಕೊನೆಯಲ್ಲಿರುವ ಪ್ರೆಸ್ಸಿನ ಹೆಸರೂ ಆಗಬೇಕು. "ನಿಮ್ಮಪ್ಪನಂಗೆ ನುಂಗಬ್ಯಾಡ" ಅನ್ನುತ್ತಿದ್ದಳು. ನಾನು ನುಂಗಲಿಲ್ಲ. ಇಪ್ಪತ್ತೈದು ವರ್ಷ ಅವಳಿಗೆ ಕಣ್ಣಾಗಿದ್ದೆ.

ನಾನು ಕತೆಗಾರ್ತಿಯಾದೆ. ನನ್ನ ಕತೆಗಳಲ್ಲಿ ಅಪ್ಪಂದಿರು ಮೊದಲ ಪುಟದಲ್ಲೇ ಸಾಯುತ್ತಾರೆ, ಇಲ್ಲವೇ ಸಾಯಬೇಕಿತ್ತು ಅನ್ನಿಸುವ ಹಾಗಿರುತ್ತಾರೆ. ಆರ್.ಟಿ. ನಗರದ ಒಂದು ಕಾರ್ಯಕ್ರಮದಲ್ಲಿ ಒಬ್ಬರು, "ಇಷ್ಟೊಂದು ಕ್ರೌರ್ಯ ಹೆಂಗೆ ಕಲ್ಪಿಸ್ಕೋತೀರಾ ಮೇಡಂ?" ಎಂದು ಕೇಳಿದರು. ಕಲ್ಪನೆ! ನಮ್ಮ ಮನೆಯಲ್ಲಿ ಅದೊಂದಕ್ಕೆ ಜಾಗವಿರಲಿಲ್ಲ. ನಾನು ಮಾಡಿದ್ದು ಹೆಸರು ಬದಲಾಯಿಸುವ ಕೆಲಸ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಬ್ಯಾಟರಾಯನಪುರದ ನನ್ನ ಬಾಡಿಗೆ ಮನೆಗೆ ಬಂದಳು. ಪತ್ರಿಕೆಯೊಂದರಲ್ಲಿ ನನ್ನ ಕತೆ ಬಂದ ದಿನ, ನನ್ನ ಫೋಟೋ ನೋಡಿ, "ಓದು" ಎಂದು ಗೋಡೆಗೆ ಒರಗಿದಳು.

ಹೊಡೆತ ತಿನ್ನುವ ಹೆಂಗಸೊಬ್ಬಳ ಕತೆ. ಪುಟ ತಿರುವಿದಾಗ ಆ ಸಾಲು ಬಂತು: "ಹೊಡೆಯುವ ಅಪ್ಪನಿಗಿಂತ, ಬೆಳಗಾದರೆ ಅವನಿಗೇ ಮುದ್ದೆ ತಿರುವುವ ಅಮ್ಮನನ್ನು ಕಂಡರೆ ಹುಡುಗಿಗೆ ಹೆಚ್ಚು ಹೇಸಿಗೆಯಾಗುತ್ತಿತ್ತು." ಬರೆಯುವಾಗ ಒಂದಕ್ಷರವೂ ತಿದ್ದಿರಲಿಲ್ಲ. ಓದುವಾಗ ನಾಲಿಗೆ ಏಳಲಿಲ್ಲ. "ಅಮ್ಮನನ್ನು ಕಂಡರೆ ಹುಡುಗಿಗೆ ಕರುಳು ಚುರುಕ್ಕೆನ್ನುತ್ತಿತ್ತು" ಎಂದು ಓದಿಬಿಟ್ಟೆ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅದ್ನ ಇನ್ನೊಂದ್ ಕಿತ ಓದು" ಅಂದಳು. ಕಾಗದದಲ್ಲಿಲ್ಲದ ಸಾಲನ್ನು ನೆನಪು ಮಾಡಿಕೊಂಡು ಮತ್ತೆ ಓದಿದೆ.

ಆ ಸಾಲನ್ನು ಇನ್ನೊಮ್ಮೆ ಕೇಳುವ ಆಸೆ ಅವಳಿಗೆ. ಒಂದು ವಾರದ ಮೇಲೆ, ನಾನು ಕೆಲಸಕ್ಕೆ ಹೋಗಿದ್ದಾಗ, ಪತ್ರಿಕೆ ಹಿಡಿದು ಕೆಳಗಿನ ಮನೆಯ ಓನರಮ್ಮನ ಹತ್ತಿರ ಹೋದಳು. ಓನರಮ್ಮ ಖುಷಿಯಿಂದ ಗಟ್ಟಿಯಾಗಿ ಎಲ್ಲ ಓದಿದ್ದಾರೆ. ನಾನು ಸಂಜೆ ಗೇಟು ತೆಗೆಯುವಾಗ ಅವರೇ ಸಿಕ್ಕಿ, "ಏನ್ ಬರೀತೀರಾ ಕಣ್ರೀ! ನಿಮ್ಮಮ್ಮ ಅಂತೂ ಕೇಳಿ ಪತ್ರಿಕೆ ಮಡಚ್ಕೊಂಡು ಎದ್ದು ಹೋಗ್ಬಿಟ್ರು" ಅಂದರು.

ಮೇಲೆ ಹೋದರೆ ಅಮ್ಮ ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಓದು. ಇದ್ದಂಗೆ ಓದು."

ಓದಿದೆ. ಆ ಸಾಲಿನ ತನಕ, ಆ ಸಾಲನ್ನೂ.

"ಕತೆಗೆ ಅಂತ ಬರ್ದಿದ್ದೋ, ನಿಂಗೆ ಇಂಗೇ ಅನ್ನಿಸ್ತಿತ್ತೋ?"

ಕತೆಗೆ ಎಂದುಬಿಡಬಹುದಿತ್ತು. ಇನ್ನೊಂದು ಸುಳ್ಳಿಗೆ ಧೈರ್ಯ ಸಾಲಲಿಲ್ಲ. "ಅನ್ನಿಸ್ತಿತ್ತಮ್ಮಾ."

"ಎಷ್ಟನೇ ವಯಸ್ಸಿಂದ?"

"ಹತ್ತೋ ಹನ್ನೊಂದೋ."

ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು. "ಅವತ್ತೇ ಯೋಳಿದ್ರೆ ನಿನ್ನ ಕಟ್ಕೊಂಡು ಒಂಟೋಗ್ತಿದ್ದೆ ಕಣೆ. ಅಪ್ಪ ಇಲ್ದಿದ್ರೆ ಮಗು ಸೊರಗ್ತದೆ ಅಂತ ಇದ್ದೆ. ಊರೋರ್ಗೆಲ್ಲ ಯೋಳೋಕೆ ನಿಂಗೆ ಬಾಯಿ ಬಂತು. ನಂಗೊಬ್ಳಿಗೆ ಬರ್ಲಿಲ್ಲ."

ನಾನು ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಮಡಚಿಕೊಂಡಳು.

ಈಗಲೂ ನನ್ನ ಜೊತೆಯಲ್ಲೇ ಇದ್ದಾಳೆ. ಅಡುಗೆ ಮಾಡುತ್ತಾಳೆ, ಬಸ್ಸು ಸಿಕ್ತಾ ಎಂದು ಕೇಳುತ್ತಾಳೆ. ಪಿಂಚಣಿ ಕಾಗದವನ್ನೂ ರಕ್ತದ ರಿಪೋರ್ಟನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗೆ ಓನರಮ್ಮನ ಹತ್ತಿರ ಹೋಗುತ್ತಾಳೆ. ಆಮೇಲೆ ಆರು ಕತೆ ಬರೆದಿದ್ದೇನೆ. ಯಾವುದರಲ್ಲಿ ಏನಿದೆ ಎಂದು ಅವಳು ನನ್ನನ್ನು ಕೇಳಿಲ್ಲ.