ಜೇಬಿನಲ್ಲಿದ್ದ ಭಂಡಾರ

"ನಿನ್ನೆನ ಅವರು ಬಂದು ಭಂಡಾರ ಮುಟ್ಟಿಸಿ ಆಣಿ ಮಾಡಿಸ್ಕೊಂಡ ಹೋಗ್ಯಾರ. ನೀವು ಒಂದಿನ ಮೊದ್ಲ ಬರಬೇಕಿತ್ತಲ್ಲೋ ತಮ್ಮಾ," ಎಂದು ಉಗರಗೋಳದ ಆ ಅಜ್ಜಿ ನಮ್ಮ ಕರಪತ್ರವನ್ನು ಮರಳಿ ಕೊಟ್ಟಳು. ಯಲ್ಲಮ್ಮನ ಭಂಡಾರ, ಅಂದರೆ ದೇವಿಯ ಅರಿಶಿನ ಪುಡಿ, ಮುಟ್ಟಿ ಆಡಿದ ಮಾತು. ಮನೆಯ ಆರೂ ಓಟು ದೊಡ್ಡ ಪಕ್ಷಕ್ಕೆ ಹೋದಂತೆಯೇ. ಅದು ತೊಂಬತ್ತರ ದಶಕದ ಒಂದು ವಿಧಾನಸಭೆ ಚುನಾವಣೆ. ನಾನೂ ನನ್ನ ಗೆಳೆಯನೂ ಒಂದು ಸಣ್ಣ ಪಕ್ಷದ ಪರವಾಗಿ ಮನೆ ಮನೆ ತಿರುಗುತ್ತಿದ್ದೆವು. ದೇವರ ಆಣೆ ಹಾಕಿಸಿ ಮತ ಕೇಳುವುದಿಲ್ಲ ಎಂದು ಕರಪತ್ರದ ಮೊದಲ ಸಾಲಿನಲ್ಲೇ ಅಚ್ಚು ಹಾಕಿಸಿದ್ದೆವು.

"ನಾವು ಆಣಿ ಮಾಡಸಂಗಿಲ್ಲಬೇ ಯಮ್ಮಾ," ಎಂದೆ.

"ಹಂಗಾದ್ರ ನಿಮಗ ಓಟ ಯಾರ ಹಾಕ್ತಾರೋ?" ಎಂದು ನಕ್ಕು, ಮಜ್ಜಿಗೆ ಕೊಟ್ಟು ಕಳಿಸಿದಳು.

ಮುಂದಿನ ಮನೆಯಲ್ಲಿ ಮಾತು ಶುರುವಾಗುವ ಮೊದಲೇ ನಮ್ಮಿಬ್ಬರಲ್ಲಿ ಒಬ್ಬರ ಜೇಬಿನಿಂದ ಭಂಡಾರದ ಪೊಟ್ಟಣ ಹೊರಬಂತು. ಆ ಮನೆಯವರು ಮುಟ್ಟಿದರು.

ಪೊಟ್ಟಣ ಗೆಳೆಯನದು ಎಂದೇ ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅವನ ಅಂಗಿಯ ಬಣ್ಣವೂ ನೆನಪಾಗತೊಡಗಿದೆ. ಚುನಾವಣೆ ಸೋತೆವು. ಪೊಟ್ಟಣ ತನ್ನದಲ್ಲ ಎನ್ನಲು ಅವನೂ ಈಗ ಬದುಕಿಲ್ಲ. ಯಲ್ಲಮ್ಮನ ಗುಡ್ಡದ ದಾರಿಯ ಅಂಗಡಿಯಲ್ಲಿ ಅದನ್ನು ಕೊಂಡವನು ನಾನು. ಅಜ್ಜಿಯ ಮನೆಗೆ ಹೋಗುವ ಮೊದಲೇ, ಬೆಳಿಗ್ಗೆಯೇ ಕೊಂಡಿದ್ದೆ.