ರಕ್ತದಾನಿಗಳ ವೆಬ್‌ಸೈಟ್‌ನಲ್ಲಿ ಕಂಡ ಎಚ್ಚರಿಕೆ

“ಮೇಡಂ, ನಿಮ್ಮ ವೆಬ್‌ಸೈಟ್ ತೆಗದ್ರ ಕಳ್ಳರು ಮಾಹಿತಿ ಕದೀಬಹುದು ಅಂತ ಬರಾಕತ್ತದ. ಒಳಗ ಹೋಗ್ಲೇನ್ರಿ?”

ಸುರಪುರದ ಟೇಲರ್ ಮೌಲಾಲಿ ಯಾದಗಿರಿಯ ಆಸ್ಪತ್ರೆಯೊಂದರಿಂದ ಫೋನ್ ಮಾಡಿದ್ದರು. ಹೆರಿಗೆಯಾದ ಅವರ ಹೆಂಡತಿಗೆ ತುರ್ತಾಗಿ ರಕ್ತ ಬೇಕಿತ್ತು. ರಕ್ತದಾನಿಗಳನ್ನು ಹುಡುಕಿಕೊಡುವ ನಮ್ಮ ಗೆಳೆಯರ ಬಳಗದ ವೆಬ್‌ಸೈಟನ್ನು ಶಹಾಪುರದಿಂದ ನೋಡಿಕೊಳ್ಳುವವಳು ನಾನು. ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದ ಪೋಸ್ಟರ್‌ನಲ್ಲಿ ನನ್ನ ನಂಬರೂ ಇತ್ತು.

“ಈಗ ಬ್ಯಾಡ್ರಿ. ಯಾವ ಗ್ರೂಪ್ ಬೇಕು ಹೇಳ್ರಿ, ನಾನೇ ಹುಡುಕ್ತೀನಿ,” ಎಂದೆ. ದಾನಿಗಳ ಪಟ್ಟಿ ಇರುವ ಸರ್ವರ್‌ಗೆ ನೇರವಾಗಿ ಲಾಗಿನ್ ಆಗಿ ನೋಡಿದಾಗ, ಅವರು ಹೇಳಿದ ಗ್ರೂಪಿನ ಶಿಕ್ಷಕಿಯೊಬ್ಬರು ಯಾದಗಿರಿ ಹತ್ತಿರದ ರಾಮಸಮುದ್ರದಲ್ಲಿ ಇದ್ದರು. ಕರೆ ಮಾಡಿದೆ. ಅವರು ಕೂಡಲೇ ಹೊರಟರು.

ಆಮೇಲೆ ದೋಷ ಹುಡುಕಿದೆ. ಸಂಪರ್ಕ ಸುರಕ್ಷಿತ ಎಂದು ಬ್ರೌಸರ್‌ಗೆ ಖಾತ್ರಿ ಕೊಡುವ ಪ್ರಮಾಣಪತ್ರದ ಅವಧಿ ಹಿಂದಿನ ದಿನ ಮುಗಿದಿತ್ತು. ಅದು ತಾನಾಗಿಯೇ ನವೀಕರಣವಾಗಬೇಕಿತ್ತು. ಆದರೆ ಸರ್ವರ್‌ಗೆ ಕಾವಲಿರುವ ಫೈರ್‌ವಾಲ್ ಬದಲಿಸಿದಾಗ ಅದಕ್ಕೆ ಬೇಕಾದ ದಾರಿ, ಅಂದರೆ ಪೋರ್ಟ್, ಮುಚ್ಚಿಹೋಗಿತ್ತು. ಪೋರ್ಟ್ ತೆರೆದು, ಹೊಸ ಪ್ರಮಾಣಪತ್ರ ಪಡೆದು, ಸರ್ವರ್ ರೀಲೋಡ್ ಮಾಡಿದ ಮೇಲೆ ಎಚ್ಚರಿಕೆ ಬರುವುದು ನಿಂತಿತು.

ಸಂಜೆ ಮೌಲಾಲಿ ಮತ್ತೆ ಮಾತಾಡಿದರು. “ರಕ್ತ ಏರಿಸ್ಯಾರ್ರಿ. ಆಕಿ ಕಣ್ಣು ಬಿಟ್ಟು ಮಾತಾಡಾಕತ್ತಾಳ. ನನಗಿಂತ ಮುಂಚೆ ಇಲ್ಲಿ ಒಬ್ಬ ಹೆಣ್ಮಗಳು ರಕ್ತಕ್ಕಂತ ನಿಮ್ಮ ವೆಬ್‌ಸೈಟ್ ನೋಡಿ, ಇದು ಮೋಸದ್ದದ ಅಂತ ಬಿಟ್ಟು ಹೋದ್ಳ್ರಿ.”

ಆಕೆ ಯಾರೆಂದು ಅವರಿಗೂ ಗೊತ್ತಿರಲಿಲ್ಲ. ಪ್ರಮಾಣಪತ್ರದ ಅವಧಿ ಮುಗಿಯುವ ಮುಂಚೆಯೇ ನನ್ನ ಫೋನಿಗೆ ಸಂದೇಶ ಬರುವಂತೆ ಈಗ ಮಾಡಿಕೊಂಡಿದ್ದೇನೆ. ಆ ಹೆಣ್ಣುಮಗಳಿಗೆ ಅಂದು ರಕ್ತ ಸಿಕ್ಕಿತೋ ಇಲ್ಲವೋ, ಇವತ್ತಿಗೂ ನನಗೆ ತಿಳಿದಿಲ್ಲ.