ಉಪ್ಪುನೀರು ಕಾಣದ ಸೀಟ್ ಕವರು

ಅಪ್ಪ ಕೊಂಡ ಹಳೆಯ ಕಾರಿನ ರೆಕ್ಸಿನ್ ಸೀಟುಗಳು ಬೇಸಿಗೆಯಲ್ಲಿ ಕಾದ ಹಂಚಾಗುತ್ತಿದ್ದವು. ಮೇಲಾಗಿ ಜಾರುತ್ತಿದ್ದವು. ಶಿವಬಸವ ನಗರದ ತಿರುವಿನಲ್ಲಿ ನಾನು ಗಕ್ಕನೆ ಬ್ರೇಕ್ ಹಾಕಿದ್ದೇ ತಡ, ಹಿಂದಿದ್ದ ಅಜ್ಜಿ ಜಾರಿ ಕೆಳಗೆ ಕೂತಿದ್ದಳು. ಪೆಟ್ಟಾಗಿರಲಿಲ್ಲ. "ಮೊದಲ ಸೀಟಿಗೆ ಅರಿವಿ ಹಾಕಸೋ, ಆಮ್ಯಾಲ ನಿನ್ನ ಲಗ್ನ!" ಎಂದು ಅಲ್ಲಿಂದಲೇ ಗುಡುಗಿದಳು.

ನನಗೋ ಲಗ್ನದ ಅವಸರ. ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ಎರಡು ಮನೆಯವರು "ಹುಡುಗ ಬರೇ ಶೋಕಿ" ಎಂದು ಬೇಡವೆಂದಿದ್ದರು. ಖಾನಾಪುರದ ಈ ಮೂರನೆಯ ಸಂಬಂಧವೂ ತಪ್ಪಿದರೆ ಅಪ್ಪ ಮತ್ತೆ ಲಗ್ನದ ಮಾತೇ ಎತ್ತುವವನಲ್ಲ.

ವಡಗಾವಿಯ ನೇಕಾರರೊಬ್ಬರು ದಪ್ಪನೆಯ ಹತ್ತಿ ಬಟ್ಟೆ ಹಾಸಿ, "ಇದರ ಮ್ಯಾಲ ಕುಂತವರು ಜಾರೂದಿಲ್ಲ, ಬೂದಿ ಬಣ್ಣದ್ದು ಒಯ್ರಿ" ಎಂದರು. ನನ್ನ ಕಣ್ಣು ಕುಂಕುಮಗೆಂಪಿನ ಮೇಲೆ. "ಖಾನಾಪುರಕ್ಕ ಕನ್ಯಾ ನೋಡಾಕ ಹೊಂಟೇವ್ರಿ, ಝಗಝಗ ಅನಬೇಕು" ಎಂದೆ. ಯಾರ ಮನೆ ಎಂಬುದನ್ನೂ ಬಡಾಯಿಯಲ್ಲಿ ಹೇಳಿದೆ. "ಹಂಗಾದ್ರ ಉಪ್ಪುನೀರಾಗ ಒಂದಿನ ನೆನೆಹಾಕಿ ಹೊಲಸ್ರಿ, ಇಲ್ಲಾಂದ್ರ ಕುಂತವರ ಅರಿವಿಗೆ ಬಣ್ಣ ಹತ್ತತೈತಿ" ಎಂದರು. ಅವ್ವನೂ ಅದನ್ನೇ ಹೇಳಿದಳು. ನೆನೆಸಿದರೆ ಹೊಸ ಹೊಳಪು ಹೋಗುವುದಿಲ್ಲವೇ? ಹಾಗೆಯೇ ಹೊಲಿಸಿಬಿಟ್ಟೆ. ಅಪ್ಪ ಕವರು ನೋಡಿ, "ಮೂಗಿಗಿಂತ ಮೂಗುತಿ ಭಾರ" ಎಂದ.

ಹೊರಟ ದಿನ ಜಿಟಿಜಿಟಿ ಮಳೆ. ಅವ್ವ ಮುಂದೆ ನನ್ನ ಬಾಜುವಿಗೆ, ಅಪ್ಪ, ಕಾಕಾ ಹಿಂದೆ. ಖಾನಾಪುರ ಎರಡು ಮೈಲಿ ಇರುವಾಗ ಕಾರು ನಿಂತಿತು. ಅಪ್ಪ, ಕಾಕಾ ಬಿಳಿ ಧೋತರ ಎತ್ತಿಕಟ್ಟಿ ತಳ್ಳಿದರು. ಆಮೇಲೆ ಒದ್ದೆಯಾಗಿಯೇ ಹಿಂದಿನ ಸೀಟಿನಲ್ಲಿ ಕೂತರು. ಯಾರೂ ಜಾರಲಿಲ್ಲ, ಅದಂತೂ ಖರೆ.

"ಶರಣ್ರಿ, ಬರ್ರಿ, ಕುಂದರ್ರಿ" ಎಂದು ಹುಡುಗಿಯ ತಂದೆ ಬಿಳಿ ಹಾಸಿನ ಗಾದಿ ತೋರಿಸಿದರು. ಹುಡುಗಿ ಅವಲಕ್ಕಿ ತಂದಳು. ತಿಂದಾದ ಮೇಲೆ ಅಪ್ಪ, ಕಾಕಾ ಕೈ ತೊಳೆಯಲು ಎದ್ದರು. ಅಯ್ಯೋ ಶಿವನೇ! ಗಾದಿಯ ಮೇಲೆ ಎರಡು ಕೆಂಪು ಗುರುತು. ಹಿಂದಿನಿಂದ ನೋಡಿದರೆ ಇಬ್ಬರೂ ಸಾಕ್ಷಾತ್ ಮಂಗ್ಯಾಗಳು.

ಅಪ್ಪ ನನ್ನನ್ನು ನುಂಗುವಂತೆ ನೋಡಿದ. 'ನೇಕಾರ ಟೋಪಿ ಹಾಕಿದ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹುಡುಗಿಯೇ ಕೇಳಿದಳು:

"ಉಪ್ಪುನೀರಾಗ ನೆನೆಹಾಕ್ರಿ ಅಂತ ಅರಿವಿ ಕೊಟ್ಟವರು ಹೇಳಲಿಲ್ಲೇನ್ರಿ?"

ಅವ್ವ ನನ್ನನ್ನೇ ನೋಡುತ್ತಿದ್ದಳು.

"ಹೇಳಿದ್ರು. ಅವ್ವನೂ ಹೇಳಿದ್ಲು. ಶೋಕಿಗೆ ಬಿದ್ದು ನಾನಽ ಕೇಳಲಿಲ್ರಿ."

ಅವಳು ಸೆರಗು ಬಾಯಿಗಿಟ್ಟು ಒಳಗೆ ಓಡಿದಳು. ಮೂರನೆಯದೂ ಹೋಯಿತು ಎಂದುಕೊಂಡು ಅಳು ಬಂದಂತಾಯಿತು.

ವಾರದೊಳಗೆ ಒಪ್ಪಿಗೆ ಬಂತು! ಮದುವೆಯ ದಿನ ಅವಳ ಸೋದರಮಾವನ ಕಾಲಿಗೆರಗಿ ತಲೆಯೆತ್ತಿದೆ. ವಡಗಾವಿಯ ಅದೇ ನೇಕಾರರು. ಬಾಜುವಿನಲ್ಲಿದ್ದ ನನ್ನ ಹೆಂಡತಿ ಮೆಲ್ಲಗೆ ಹೇಳಿದಳು:

"ನೀವು ಬರೂಕಿಂತ ಮೊದಲಽ ಮಾವ ಬಂದು ಹೇಳಿದ್ದ. 'ಆ ಹುಡುಗ ನೆನೆಹಾಕೂದಿಲ್ಲ, ಬಣ್ಣ ಹತ್ತೂದು ಗ್ಯಾರಂಟಿ. ತಪ್ಪು ನನ್ನ ಮ್ಯಾಲ ಹಾಕಿದ್ರ ಮಾತ್ರ ಹೂಂ ಅನಬ್ಯಾಡ' ಅಂತ."